ಫ್ರಾನ್ಸಿನ ಕ್ರಾಂತಿಯೂ ಮಾರಿಕುಪ್ಪದ ಚಿನ್ನವೂ

ಬಂಗಾರಪೇಟೆಯಿಂದ ಹೊರಡುವ ರೈಲು ಕೋರಮಂಡಲ, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪದಲ್ಲಿ ನಿಲ್ಲುತ್ತದೆ. ಮುಂದಕ್ಕೆ ಹಳಿ ಇಲ್ಲ. ಆದರೆ ಈ ಊರಿನ ಚಿನ್ನದ ಕಥೆಯ ಒಂದು ಎಳೆ ಫ್ರಾನ್ಸ್ ದೇಶದವರೆಗೂ ಚಾಚಿದೆ ಎಂದರೆ ನಂಬುವಿರಾ?

1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೇಲ್ಸ್ ಅರಮನೆಗೆ ಹೋಗಿ, ಇಂಗ್ಲಿಷರ ವಿರುದ್ಧ ನೆರವು ನೀಡುವಂತೆ ದೊರೆ ಹದಿನಾರನೇ ಲೂಯಿಯನ್ನು ಕೇಳಿಕೊಂಡರು. ಸಿಕ್ಕಿದ್ದು ಮರ್ಯಾದೆ, ಸೈನ್ಯವಲ್ಲ. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. 1793ರಲ್ಲಿ ದೊರೆಯ ತಲೆಯೇ ಉರುಳಿತು. ಈ ನಡುವೆ 1791ರಲ್ಲಿ ಕಾರ್ನ್‌ವಾಲಿಸನ ದಂಡು ಕೋಲಾರವನ್ನು ಹಿಡಿದು ಬೆಂಗಳೂರಿಗೆ ನುಗ್ಗಿತ್ತು. ಟಿಪ್ಪುವಿನ ತಂದೆ ಹೈದರಾಲಿ ಹುಟ್ಟಿದ್ದು ಇದೇ ಸೀಮೆಯ ಬೂದಿಕೋಟೆಯಲ್ಲಿ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

1798ರಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಅವನ ಹಡಗುಗಳನ್ನು ನೆಲ್ಸನ್ ನೈಲ್ ನದಿಯ ಮುಖದಲ್ಲಿ ನಾಶಮಾಡಿದ. ಮರುವರ್ಷದ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರವೂ ಇಂಗ್ಲಿಷರ ಕೈಸೇರಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನ ಮಡಿದ.

ಇತ್ತ ಕ್ರಾಂತಿಯ ಕಾಲದಲ್ಲಿ ಫ್ರಾನ್ಸ್ ಬಿಟ್ಟುಬಂದವರಲ್ಲಿ ಇಬ್ಬರು ನಮ್ಮ ನಾಡನ್ನು ಸೇರಿದ್ದರು. ಒಬ್ಬರು ಸ್ವಾಮಿ ದ್ಯುಬುವಾ. ಶ್ರೀರಂಗಪಟ್ಟಣದ ಪತನದ ನಂತರ, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಿದವರು. ಇನ್ನೊಬ್ಬ ಜಾನ್ ವಾರೆನ್. ಹಿರಿಯರು ಐರ್ಲೆಂಡಿನವರು, ತಾನು ಫ್ರಾನ್ಸಿನ ಪ್ರಜೆ, ದುಡಿದದ್ದು ಇಂಗ್ಲಿಷ್ ಸೇನೆಯಲ್ಲಿ! ಯುದ್ಧಗಳು ಮನುಷ್ಯನನ್ನು ಎಲ್ಲೆಲ್ಲಿಗೋ ಎಸೆಯುತ್ತವೆ.

ಗೆದ್ದವರು ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡ ಮೇಲೆ ಹೊಸ ಗಡಿಗಳ ಮೋಜಣಿ ಆಗಬೇಕಿತ್ತು. ಪೂರ್ವದ ಗಡಿಯ ಕೆಲಸಕ್ಕೆ ಬಂದ ವಾರೆನ್ ಕಿವಿಗೆ ಚಿನ್ನದ ಸುದ್ದಿ ಬಿತ್ತು. 1802ರಲ್ಲಿ ಅವನು ಸುಳಿವು ಕೊಟ್ಟವರಿಗೆ ಬಹುಮಾನ ಘೋಷಿಸಿದ. ಊರಿಗಾಂನ ರೈತರು ಒಂದು ಗಾಡಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದರು. ತಳದಲ್ಲಿ ಚಿನ್ನದ ಪುಡಿ ಹೊಳೆಯಿತು.

ಮಾರಿಕುಪ್ಪದಲ್ಲಿ ಕಂಡದ್ದು ಇನ್ನೂ ದೊಡ್ಡದು. ಅಂದಿನ ಸಮಾಜ ಹೊರಗಿಟ್ಟಿದ್ದ ದಲಿತರು ಗುಂಡಿಗಳಿಗೆ ಇಳಿದು ಕಲ್ಲು ಒಡೆಯುತ್ತಿದ್ದರು. ಬುಟ್ಟಿಗಳು ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತಿದ್ದವು. ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ, ನೀರಿನಲ್ಲಿ ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ವಾರೆನ್ ಚಿನ್ನವನ್ನು ಕಂಡುಹಿಡಿದ ಎಂದು ಬರೆಯುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕಂಡುಹಿಡಿದವರು ಗುಂಡಿಯೊಳಗೇ ಇದ್ದರು. ಅವನು ಬರೆದಿಟ್ಟ, ಅಷ್ಟೇ. ಅವರ ಹೆಸರುಗಳು ನಮ್ಮ ಚರಿತ್ರೆಯಲ್ಲಿ ಉಳಿಯಲಿಲ್ಲ.

ವಾರೆನ್ ವರದಿ 1804ರಲ್ಲಿ ಅಚ್ಚಾಯಿತು. ನೆಪೋಲಿಯನ್ ಸೋತ ಬಳಿಕ ಅವನು ಫ್ರಾನ್ಸಿಗೆ ಮರಳಿ ತನ್ನ ಮನೆತನದ ಕೌಂಟ್ ಪದವಿಯನ್ನು ಪಡೆದನಾದರೂ, ಮತ್ತೆ ಈ ಕಡೆಗೇ ಬಂದು 1830ರಲ್ಲಿ ಪಾಂಡಿಚೇರಿಯಲ್ಲಿ ತೀರಿಕೊಂಡ. ಅವನ ಹಳೆಯ ವರದಿ 1871ರಲ್ಲಿ ಬೆಂಗಳೂರು ದಂಡಿನ ಪ್ರದೇಶದಲ್ಲಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕನ ಕಣ್ಣಿಗೆ ಬಿತ್ತು. ಎತ್ತಿನ ಗಾಡಿ ಹತ್ತಿ ಕೋಲಾರಕ್ಕೆ ಬಂದ ಆತ 1873ರಲ್ಲಿ ಗಣಿ ಅಗೆಯುವ ಪರವಾನಗಿಗೆ ಅರ್ಜಿ ಹಾಕಿದ.