ಒಬ್ಬರೇ ಪರದೇಶಕ್ಕೆ ಹೊರಡುವ ಮಹಿಳೆಯರ ಪೂರ್ವಸಿದ್ಧತೆ

ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್ ಎಂದರೆ ಧಾನ್ಯ, ಬೆಲ್ಲ, ಬ್ಯಾಡಗಿ ಮೆಣಸಿನಕಾಯಿ, ಹೂವು, ತರಕಾರಿಗಳ ಸಗಟು ಪೇಟೆ. ಇಲ್ಲಿನ ಬ್ಯಾಂಕ್ ಶಾಖೆಯೊಂದರಲ್ಲಿ ಕುಳಿತಿರುವ ನನಗೆ ವ್ಯಾಪಾರಿಗಳ ಚೆಕ್ಕು, ಸಾಲಗಳ ನಡುವೆ ವರ್ಷಕ್ಕೆ ನಾಲ್ಕಾರು ಬಾರಿ ಬೇರೊಂದು ಬಗೆಯ ವಿಚಾರಣೆ ಬರುತ್ತದೆ. ಕೇಳುವವರು ಐವತ್ತು ದಾಟಿದ ಗೃಹಿಣಿ. ತವರು ವಿಜಯಪುರವೋ ಬೆಳಗಾವಿಯೋ ಆಗಿರುತ್ತದೆ. ಮಗಳು ಅಮೆರಿಕದಲ್ಲೋ ಜರ್ಮನಿಯಲ್ಲೋ ಇದ್ದಾಳೆ, ದಿನ ತುಂಬುತ್ತಿದೆ, ಬಾಣಂತನಕ್ಕೆ ಹೋಗಬೇಕು. ಯಜಮಾನರಿಗೆ ಅಂಗಡಿ ಬಿಟ್ಟು ಬರಲಾಗದು. ಕೆಲವರಿಗೆ ಯಜಮಾನರೇ ಇಲ್ಲ. "ಒಬ್ಬಾಕಿನ ಹೋದ್ರ ನಡೀತೈತೇನ್ರಿ ಅಕ್ಕಾರ?" ಎಂದು ದನಿ ತಗ್ಗಿಸಿ ಕೇಳುತ್ತಾರೆ. ಈಚೆಗೆ ಇದೇ ಪ್ರಶ್ನೆಯನ್ನು ಓದಿಗೆ ಹೊರಟ ಹುಡುಗಿಯರೂ, ಸುಮ್ಮನೆ ಲೋಕ ನೋಡಬೇಕೆಂಬ ನನ್ನ ಸಹೋದ್ಯೋಗಿಗಳೂ ಕೇಳತೊಡಗಿದ್ದಾರೆ. ನಡೆಯುತ್ತದೆ ಎಂಬುದೇ ಉತ್ತರ. ಆದರೆ ಸಿದ್ಧತೆಯನ್ನು ಟಿಕೆಟ್ಟಿನಿಂದ ಆರಂಭಿಸಬಾರದು. ಸಂಘದ ಸದಸ್ಯೆಯರಿಗೆ ಉಪಯೋಗವಾದೀತೆಂದು ತಿಳಿದಷ್ಟನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಪುಣೆಗೆ ಇದು ಹೊಸ ವಿಷಯವೇನೂ ಅಲ್ಲ

ಆನಂದಿಬಾಯಿ ಜೋಶಿಯವರು 1883ರ ಏಪ್ರಿಲ್ 7ರಂದು ಕಲ್ಕತ್ತೆಯಿಂದ ಹಡಗು ಹತ್ತಿದಾಗ ಅವರ ವಯಸ್ಸು ಹದಿನೆಂಟು. ಪತಿ ಗೋಪಾಲರಾಯರು ಜೊತೆಗಿರಲಿಲ್ಲ. ಹಡಗಿನಲ್ಲಿ ಪರಿಚಯದ ಮಿಷನರಿ ಮಹಿಳೆಯರಿದ್ದರು. ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಅವರನ್ನು ಎದುರುಗೊಂಡವರು ನ್ಯೂಜೆರ್ಸಿಯ ಶ್ರೀಮತಿ ಕಾರ್ಪೆಂಟರ್. ಇಬ್ಬರೂ ಅದುವರೆಗೆ ಮುಖ ನೋಡಿದವರಲ್ಲ, ಆದರೆ ಮೊದಲೇ ಪತ್ರಗಳ ಮೂಲಕ ಒಬ್ಬರನ್ನೊಬ್ಬರು ಚೆನ್ನಾಗಿ ಅರಿತಿದ್ದರು. ಹೊರಡುವ ಮುನ್ನ ಆನಂದಿಬಾಯಿಯವರು ಶ್ರೀರಾಮಪುರದಲ್ಲಿ ಸಭೆಯ ಮುಂದೆ ನಿಂತು, ತಾವೇಕೆ ಹೋಗುತ್ತಿದ್ದೇವೆಂಬುದನ್ನು ವಿವರಿಸಿದ್ದರು. 1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಆದರೆ ಅಲ್ಲಿನ ಚಳಿ ಮತ್ತು ಆಹಾರ ಅವರ ದೇಹವನ್ನು ಹಣ್ಣುಮಾಡಿದ್ದವು, ಕ್ಷಯ ಅಂಟಿತ್ತು. 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡರು. ಎದುರುಗೊಳ್ಳುವವರು ಗೊತ್ತಿದ್ದರು, ಉದ್ದೇಶ ಸ್ಪಷ್ಟವಿತ್ತು, ಆರೋಗ್ಯವೊಂದೇ ಕೈಕೊಟ್ಟಿತು.

ಅವರ ಪದವಿ ಪ್ರದಾನಕ್ಕೆ ಇಂಗ್ಲೆಂಡಿನಿಂದ ಹೋಗಿದ್ದವರು ಪಂಡಿತಾ ರಮಾಬಾಯಿ. ನಮ್ಮ ಕಡೆಯ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿ, 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದ ಈ ವಿಧವೆ, ಮರುವರ್ಷವೇ ಪುಟ್ಟ ಮಗಳು ಮನೋರಮಾಳನ್ನು ಕರೆದುಕೊಂಡು ಕಡಲು ದಾಟಿದ್ದರು. ಇಷ್ಟೆಲ್ಲ ನಡೆದ ಊರಿನಲ್ಲಿ ಇಂದಿಗೂ "ಒಬ್ಬಳೇ?" ಎಂದು ಹುಬ್ಬೇರಿಸುವವರು ಇದ್ದಾರೆ. 2012ರ 'ಇಂಗ್ಲಿಷ್ ವಿಂಗ್ಲಿಷ್' ಚಿತ್ರದಲ್ಲಿ ಶ್ರೀದೇವಿ ಪುಣೆಯ ಗೃಹಿಣಿಯಾಗಿ ಒಬ್ಬರೇ ನ್ಯೂಯಾರ್ಕಿಗೆ ಹೋದಾಗ ಕೈಚಪ್ಪಾಳೆ ತಟ್ಟಿದವರೂ ಅವರೇ.

ಪಾಸ್‌ಪೋರ್ಟಿನಲ್ಲಿರುವ ಹೆಸರು

ಪಾಸ್‌ಪೋರ್ಟಿಗೆ ಮುಂಢವಾದ ಸೇವಾ ಕೇಂದ್ರಕ್ಕೆ ಹೋಗಬೇಕೆಂಬುದು ಪುಣೆಯ ಬಹುತೇಕರಿಗೆ ಗೊತ್ತು. 36 ಪುಟದ ಪುಸ್ತಕಕ್ಕೆ ಶುಲ್ಕ 1500 ರೂಪಾಯಿ, ತತ್ಕಾಲವಾದರೆ ಇನ್ನೂ 2000. ಅನೇಕ ದೇಶಗಳು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಸ್ಸು ಇರಬೇಕೆಂದು ಕೇಳುತ್ತವೆ. ನಿಜವಾದ ತೊಡಕು ಹೆಸರಿನಲ್ಲಿದೆ. ನಮ್ಮಲ್ಲಿ ತವರಿನ ಹೆಸರೊಂದು, ಮದುವೆಯಾದ ಮೇಲೆ ಮಹಾರಾಷ್ಟ್ರದ ರೂಢಿಯಂತೆ ಗಂಡನ ಹೆಸರನ್ನು ನಡುವೆ ಸೇರಿಸಿ ಮಾಡಿದ್ದು ಇನ್ನೊಂದು, ಪ್ಯಾನ್ ಕಾರ್ಡಿನಲ್ಲಿ ಬರಿಯ ಇನಿಷಿಯಲ್ ಇರುವುದು ಮತ್ತೊಂದು. ಹೆಸರು ಬದಲಿಸಲೇಬೇಕೆಂಬ ಕಾನೂನಿಲ್ಲ. 2016ರ ಡಿಸೆಂಬರಿನಲ್ಲಿ ನಿಯಮ ಸಡಿಲಿಸಿದ ಮೇಲೆ ವಿವಾಹ ಪ್ರಮಾಣಪತ್ರವೂ ಕಡ್ಡಾಯವಲ್ಲ. ಆದರೆ ಟಿಕೆಟ್, ವೀಸಾ, ವಿಮೆ ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು, ಅಕ್ಷರವೂ ಬದಲಾಗಬಾರದು. ಉಪನಾಮದ ಜಾಗವನ್ನು ಖಾಲಿ ಬಿಟ್ಟಿರುವ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಿಂದ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವನ್ನು ನಿರ್ಬಂಧಿಸಿತು. ಈ ತಿದ್ದುಪಡಿಯನ್ನು ಟಿಕೆಟ್ ಕೊಳ್ಳುವ ಮೊದಲೇ ಮಾಡಿಸಿಕೊಳ್ಳುವುದು ಒಳಿತು.

ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇ.ಸಿ.ಆರ್. ವರ್ಗಕ್ಕೆ ಸೇರುತ್ತದೆ. ಅವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದುಡಿಮೆಗೆ ಹೋಗಲು ಸರ್ಕಾರದ ಅನುಮತಿ ಬೇಕು; ಇದು ಮೂವತ್ತರ ಒಳಗಿನ ಮಹಿಳೆಗೆ ದೊರೆಯುವುದಿಲ್ಲ. ಇದನ್ನು ತಪ್ಪಿಸಲು "ವಿಸಿಟ್ ವೀಸಾದಲ್ಲಿ ಹೋಗು ತಾಯಿ, ಕೆಲಸದ ಕಾಗದ ಅಲ್ಲಿ ಮಾಡಿಸೋಣ" ಎನ್ನುವ ದಲ್ಲಾಳಿಗಳಿದ್ದಾರೆ. ಅಂಥವನ ಮಾತು ಕೇಳಿ ಹೋದವಳ ಹೆಸರು ಸರ್ಕಾರದ ಯಾವ ದಾಖಲೆಯಲ್ಲೂ ಇರುವುದಿಲ್ಲ. ಮನೆಯೊಡತಿ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಹುಡುಕುವವರಿಗೂ ಎಳೆ ಸಿಗದು. ನಮ್ಮ ಮನೆಗೆಲಸದವರ ಹೆಣ್ಣುಮಕ್ಕಳಿಗೆ ಈ ವಿಷಯವನ್ನು ತಿಳಿಸಿರೆಂದು ಓದುಗರಲ್ಲಿ ಕೋರುತ್ತೇನೆ. ಏಜೆಂಟರು ನೋಂದಾಯಿತರೇ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು.

ವೀಸಾ

ಬಾಣಂತನದ ತಾಯಂದಿರು ಸಾಮಾನ್ಯವಾಗಿ ತಡಮಾಡುವುದು ಇಲ್ಲಿಯೇ. ಅಮೆರಿಕದ ಸಂದರ್ಶನಕ್ಕೆ ಪುಣೆಯವರು ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ದೂತಾವಾಸಕ್ಕೆ ಹೋಗುವುದು ವಾಡಿಕೆ. ದಿನಾಂಕ ಸಿಗಲು ತಿಂಗಳುಗಳೇ ಬೇಕಾಗುತ್ತವೆ. 2025ರ ಸೆಪ್ಟೆಂಬರಿನಿಂದ ವಯಸ್ಸಾದವರಿಗಿದ್ದ ಸಂದರ್ಶನ ವಿನಾಯಿತಿಯೂ ಹೋಗಿದೆ. ಮಗಳು ಸಿಹಿಸುದ್ದಿ ಹೇಳಿದ ವಾರದಲ್ಲೇ ಅರ್ಜಿ ಹಾಕಿದರೆ ಮುಂದೆ ಪರದಾಟವಿಲ್ಲ. ಅಲ್ಲಿ ಇಳಿದ ಮೇಲೆ ಅಧಿಕಾರಿ ಕೇಳಿದರೆ ನಿಜವನ್ನೇ ಚುಟುಕಾಗಿ ಹೇಳಬೇಕು: ಮಗಳ ಮನೆಗೆ, ಇಷ್ಟು ದಿನ, ಮರಳುವ ಟಿಕೆಟ್ ಇದೆ. ವೀಸಾ ಹತ್ತು ವರ್ಷದ್ದಾದರೂ ಒಂದು ಬಾರಿಗೆ ಎಷ್ಟು ದಿನ ಇರಬಹುದೆಂಬುದನ್ನು ನಿರ್ಧರಿಸುವುದು ಪ್ರವೇಶದ್ವಾರದಲ್ಲಿ ನಮೂದಾಗುವ ಐ-94 ದಾಖಲೆಯ ದಿನಾಂಕ. ಇದನ್ನು ಮರೆತು ಹೆಚ್ಚು ದಿನ ನಿಂತರೆ ಮುಂದಿನ ಮೊಮ್ಮಗುವಿನ ಹೊತ್ತಿಗೆ ಬಾಗಿಲು ಮುಚ್ಚಿರಬಹುದು.

ಯೂರೋಪಿನ ಷೆಂಗೆನ್ ವೀಸಾಕ್ಕೆ ಪ್ರವಾಸದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. 2024ರ ಜೂನಿನಿಂದ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ನಡುದಾರಿಯಲ್ಲಿ ವಿಮಾನ ಬದಲಿಸುವ ದೇಶವೂ ಸಾಗುವೀಸಾ ಕೇಳಬಹುದು. ಅಗ್ಗದ ಟಿಕೆಟ್ ಕೊಳ್ಳುವ ಮುನ್ನ ಅದನ್ನು ವಿಚಾರಿಸಬೇಕು. ಮೊದಲ ಬಾರಿಗೆ ಒಬ್ಬರೇ ಹೊರಡುವವರಿಗೆ ನಾನು ಸೂಚಿಸುವುದು ಭೂತಾನವನ್ನು. ಅಲ್ಲಿಗೆ ನಮ್ಮ ಮತದಾರರ ಗುರುತಿನ ಚೀಟಿಯೇ ಸಾಕು. 2022ರಿಂದ ರಾತ್ರಿಯೊಂದಕ್ಕೆ ಭಾರತೀಯರಿಂದ 1200 ರೂಪಾಯಿ ಶುಲ್ಕ ಪಡೆಯುತ್ತಾರೆ, ನಿಜ. ಆದರೂ ಅಂಜಿಕೆ ಕಳೆದುಕೊಳ್ಳಲು ತಕ್ಕ ನಾಡು.

ಹಣ: ನನ್ನದೇ ಪ್ರಮಾದ

ಈ ಭಾಗವನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. 2023ರ ಮೇ ತಿಂಗಳಲ್ಲಿ ನಾನು ಒಬ್ಬಳೇ ಅಣ್ಣನ ಮಗಳ ಮನೆಗೆ ಹೊರಟಿದ್ದೆ. ಮೊದಲ ವಿಮಾನ ತಡವಾಗಿ, ನಡುದಾರಿಯ ನಿಲ್ದಾಣದಲ್ಲಿ ಎರಡನೆಯದು ತಪ್ಪಿತು. ರಾತ್ರಿ ಹನ್ನೊಂದು ಗಂಟೆ. ವಸತಿಗೆಂದು ಕಾರ್ಡು ಕೊಟ್ಟರೆ ಯಂತ್ರ ತಿರಸ್ಕರಿಸಿತು. ಇನ್ನೊಂದು ಕಾರ್ಡಿಗೆ ಓ.ಟಿ.ಪಿ. ಬರಬೇಕು, ಅದು ಬರುವುದು ಭಾರತದ ಸಿಮ್ಮಿಗೆ, ಸಿಮ್ಮಿಗೆ ರೋಮಿಂಗ್ ಹಾಕಿಸಿರಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುತ್ತವೆ. ಅಂತರರಾಷ್ಟ್ರೀಯ ಬಳಕೆಯನ್ನು ನಾವೇ ಆರಂಭಿಸಿಕೊಳ್ಳಬೇಕು. ದಿನಕ್ಕೆ ಹತ್ತು ಜನಕ್ಕೆ ಹೇಳುವ ಈ ಮಾತನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಸೀರೆಯ ಒಳಚೀಲದಲ್ಲಿಟ್ಟಿದ್ದ ಇನ್ನೂರು ಡಾಲರ್ ಆ ರಾತ್ರಿ ನನ್ನನ್ನು ಕಾಪಾಡಿತು.

ಹೀಗಾಗಿ ಕ್ರಮ ಇದು. ಒಂದು ಫಾರೆಕ್ಸ್ ಕಾರ್ಡು, ಬೇರೆ ಚೀಲದಲ್ಲಿ ಒಂದು ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡು, ಮೈಮೇಲೆ ಸ್ವಲ್ಪ ನೋಟು. ಎರಡೂ ಕಾರ್ಡುಗಳನ್ನು ಹೊರಡುವ ವಾರವೇ ಬ್ಯಾಂಕಿನ ಆ್ಯಪಿನಲ್ಲಿ ತೆರೆದು, ದಿನದ ಮಿತಿಯನ್ನು ಅಗತ್ಯವಿದ್ದಷ್ಟಕ್ಕೆ ಇಡಬೇಕು. ಹೆಚ್ಚಿನ ದೇಶಗಳಿಗೆ ಪ್ರತಿ ಪ್ರವಾಸಕ್ಕೆ ನೋಟಿನ ರೂಪದಲ್ಲಿ 3000 ಡಾಲರ್‌ವರೆಗೆ ಒಯ್ಯಬಹುದು. ಭಾರತದ ನೋಟು 25,000 ರೂಪಾಯಿವರೆಗೆ. 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ವಿದೇಶಿ ಹಣವನ್ನು ನಗದು ಕೊಟ್ಟು ಕೊಳ್ಳುವಂತಿಲ್ಲ. ಮಾರ್ಕೆಟ್ ಯಾರ್ಡಿನ ವ್ಯಾಪಾರಿಗಳ ಮನೆಯವರಿಗೆ ಈ ನಿಯಮ ಕೊಂಚ ಕಹಿ. ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕೊಡುವಿರಾ?" ಎಂದು ಕೇಳಿದರೆ ಬೇಡವೆಂದು ಆ ದೇಶದ ನಾಣ್ಯವನ್ನೇ ಆರಿಸಿ, ರೂಪಾಯಿಯ ದರ ಸಾಮಾನ್ಯವಾಗಿ ದುಬಾರಿ. ಪ್ರವಾಸ ಕಂಪನಿಯ ಪ್ಯಾಕೇಜಿನ ಮೇಲೆ ಕಡಿಯುವ ಟಿ.ಸಿ.ಎಸ್. ನಷ್ಟವಲ್ಲ, ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು. ಆದಾಯವಿಲ್ಲದ ಗೃಹಿಣಿಯರು ರಿಟರ್ನ್ ಸಲ್ಲಿಸದೆ ಈ ಹಣವನ್ನು ಬಿಟ್ಟುಕೊಡುವುದನ್ನು ಕಂಡಿದ್ದೇನೆ.

ಪೆಟ್ಟಿಗೆಯಲ್ಲಿ ಏನು ಬೇಡ

ಬಾಣಂತನದ ಸಾಮಗ್ರಿಗೆ ಮಾರ್ಕೆಟ್ ಯಾರ್ಡಿನ ಭುಸಾರ ಪೇಟೆಗಿಂತ ಒಳ್ಳೆಯ ಜಾಗ ಪುಣೆಯಲ್ಲಿಲ್ಲ. ಅಂಟಿನುಂಡೆಗೆ ಅಂಟು, ಉತ್ತತ್ತಿ, ಕೊಬ್ಬರಿ, ಗಸಗಸೆ ಎಲ್ಲವನ್ನೂ ಕೊಂಡು ತುಂಬುತ್ತೇವೆ. ಇವುಗಳಲ್ಲಿ ಎರಡು ಅಪಾಯಕಾರಿ. ಕೊಬ್ಬರಿಯ ಬಟ್ಟಲು ಎಣ್ಣೆಯಂಶದಿಂದಾಗಿ ಬೆಂಕಿ ಹತ್ತಬಲ್ಲ ವಸ್ತುಗಳ ಸಾಲಿಗೆ ಸೇರಿದೆ, ವಿಮಾನದಲ್ಲಿ ಬಿಡುವುದಿಲ್ಲ. ಗಸಗಸೆಯದು ಇನ್ನೂ ಗಂಭೀರ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಅದು ಅಫೀಮಿನ ಗಿಡದ ಬೀಜವೆಂದು ನಿಷಿದ್ಧ. ನಮಗೆ ಪಾಯಸದ ವಸ್ತು, ಅಲ್ಲಿ ಮಾದಕವಸ್ತು ಪ್ರಕರಣ. ನಿಮ್ಮ ಊರು ಅಮೆರಿಕವೇ ಆದರೂ ದುಬೈಯಲ್ಲಿ ವಿಮಾನ ಬದಲಿಸುವವರು ಇದನ್ನು ಮನೆಯಲ್ಲೇ ಬಿಡಬೇಕು. ಯೂರೋಪಿನ ಒಕ್ಕೂಟಕ್ಕೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಅಂದರೆ ತುಪ್ಪವೂ ಇಲ್ಲ, ಧಾರವಾಡದ ಪೇಡೆಯೂ ಇಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ತಿನಿಸೇನಿದ್ದರೂ ಫಾರಮಿನಲ್ಲಿ ಘೋಷಿಸಿಬಿಡಿ. ಘೋಷಿಸಿದ್ದನ್ನು ಕಸಿದುಕೊಂಡಾರು, ಮುಚ್ಚಿಟ್ಟದ್ದಕ್ಕೆ ದಂಡ ಹಾಕುತ್ತಾರೆ. ಔಷಧಿಯನ್ನು ಮೂಲ ಪಟ್ಟಿಯಲ್ಲೇ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಡಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ನೋವಿನ ಗುಳಿಗೆಗಳಿಗೆ ಕೊಲ್ಲಿಯಲ್ಲಿ ಮೊದಲೇ ಅನುಮತಿ ಬೇಕು. ವಿಮೆ ಕೊಳ್ಳುವಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮರೆಮಾಚದೆ ಬರೆಸಿ, ಅವಕ್ಕೆ ರಕ್ಷಣೆ ಇದೆಯೇ ಎಂದು ಓದಿ ನೋಡಬೇಕು.

ಇನ್ನೊಬ್ಬರ ಪೊಟ್ಟಣವನ್ನು ಒಯ್ಯಬೇಡಿ. 2019ರಲ್ಲಿ ಮುಂಬಯಿಯ ದಂಪತಿಯೊಬ್ಬರು ಬಂಧುವೊಬ್ಬರು ಕೊಟ್ಟ ಪೊಟ್ಟಣದೊಡನೆ ದೋಹಾದಲ್ಲಿ ಇಳಿದರು. ಅದರಲ್ಲಿದ್ದದ್ದು ನಾಲ್ಕು ಕಿಲೋ ಚರಸ್. ಹತ್ತು ವರ್ಷದ ಶಿಕ್ಷೆಯಾಯಿತು. ಆ ಹೆಣ್ಣುಮಗಳು ಸೆರೆಮನೆಯಲ್ಲೇ ಹೆತ್ತಳು. 2021ರಲ್ಲಿ ನಿರಪರಾಧಿಗಳೆಂದು ತೀರ್ಪಾಗಿ ಮರಳಿದರು. ಕೊಟ್ಟದ್ದು ಅಪರಿಚಿತರಲ್ಲ, ಮನೆಯವರೇ. "ನಮ್ಮ ಹುಡುಗನಿಗೆ ಎರಡು ಪ್ಯಾಕೆಟ್ ಚಟ್ನಿಪುಡಿ" ಎಂದು ಯಾರೇ ಬಂದರೂ, ಒಯ್ಯಲೇಬೇಕಾದ ದಾಕ್ಷಿಣ್ಯವಿದ್ದರೆ, ಅವರೆದುರೇ ಬಿಚ್ಚಿ ನಮ್ಮ ಡಬ್ಬಿಗೆ ಸುರಿದುಕೊಳ್ಳಬೇಕು. ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ.

ಹಾದಿಯಲ್ಲಿ ಮತ್ತು ತಲುಪಿದ ಮೇಲೆ

ಲೋಹಗಾಂವಿನಿಂದ ನೇರ ವಿದೇಶಿ ವಿಮಾನಗಳು ಕೆಲವೇ. ಬಹುತೇಕರು ಮುಂಬಯಿಗೇ ಹೋಗಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಯಾಣದ ಕಳವಳದ ಭಾಗ ಪರದೇಶದಲ್ಲಿಲ್ಲ, ನಡುರಾತ್ರಿ ಸಹಾರದಲ್ಲಿ ಇಳಿದು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನಿದ್ದೆಗಣ್ಣಿನ ಚಾಲಕನೊಡನೆ ಪುಣೆಗೆ ಬರುವುದರಲ್ಲಿದೆ. ಬೆಳಗಾಗುವ ತನಕ ನಿಲ್ದಾಣದೊಳಗೇ ಕುಳಿತು, ಬೆಳಕಿನಲ್ಲಿ ಹೊರಡಬಹುದು. ಹೊಸ ಊರನ್ನು ತಲುಪುವ ವಿಮಾನವನ್ನೂ ಹಗಲಿನದೇ ಆರಿಸಿ, ಮೊದಲ ರಾತ್ರಿಯ ವಸತಿಯನ್ನು ಇಲ್ಲಿಂದಲೇ ನಿಗದಿ ಮಾಡಿಕೊಳ್ಳಬೇಕು. ಭಾಷೆ ಬಾರದೆಂಬ ಅಳುಕಿದ್ದರೆ ಟಿಕೆಟ್ ಕೊಳ್ಳುವಾಗಲೇ ವ್ಹೀಲ್‌ಚೇರ್ ನೆರವು ಕೇಳಿಕೊಳ್ಳುವವರಿದ್ದಾರೆ. ನಡೆಯಬಲ್ಲವರು ಅದನ್ನು ಕೇಳದೆ, ಮೊದಲ ಬಾರಿಯ ಪ್ರಯಾಣಿಕರೆಂದು ಹೇಳಿ ಸಹಾಯ ಕೋರುವುದು ಮೇಲು. ಕಾಲಿಲ್ಲದವರಿಗೆ ಕುರ್ಚಿ ಉಳಿಯುತ್ತದೆ.

ಮನೆಯವರೊಡನೆ ಒಂದು ಒಪ್ಪಂದ ಇರಲಿ: ದಿನಕ್ಕೆರಡು ಬಾರಿ ಗೊತ್ತಾದ ಹೊತ್ತಿಗೆ ಸಂದೇಶ. ಬಾರದಿದ್ದರೆ ಎಷ್ಟು ಗಂಟೆ ಕಾಯುವುದು, ಮೊದಲು ವಸತಿಗೃಹಕ್ಕೋ ಗೆಳತಿಗೋ ಫೋನು, ಆಮೇಲೆ ಭಾರತೀಯ ರಾಯಭಾರ ಕಚೇರಿಗೆ ಎಂಬುದನ್ನು ಕಾಗದದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಡಬೇಕು. ಮೊಬೈಲು ಕಳೆದೀತೆಂದು ಮಗಳ ವಿಳಾಸ, ದೂರವಾಣಿಗಳನ್ನು ಪರ್ಸಿನಲ್ಲೂ ಬರೆದಿಟ್ಟುಕೊಳ್ಳಿ. ತುರ್ತು ಕರೆಗೆ ಯೂರೋಪಿನ ಒಕ್ಕೂಟದಲ್ಲಿ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು ಕೊಟ್ಟು ನಮ್ಮ ರಾಯಭಾರ ಕಚೇರಿಗೆ ಹೋದರೆ, ಭಾರತಕ್ಕೆ ಮರಳಲು ಮಾತ್ರ ನಡೆಯುವ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಸಂಕಟದಲ್ಲಿ ದೂರು ದಾಖಲಿಸಲು 2015ರಲ್ಲಿ ಆರಂಭವಾದ 'ಮದದ್' ತಾಣವಿದೆ. ಮನೆಯವರೂ ಇಲ್ಲಿಂದಲೇ ದಾಖಲಿಸಬಹುದು.

ಬಂಗಾರದ ವಿಷಯ ಒಂದು ಮಾತು. ಹೆಚ್ಚು ಒಡವೆ ಹಾಕಿಕೊಂಡು ಹೋಗುವುದೇ ಆದರೆ ಹೊರಡುವಾಗ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮರಳುವಾಗ ನಿಮ್ಮದೇ ಪಾಟಲಿ ಬಳೆಗಳಿಗೆ ಸುಂಕ ಕಟ್ಟುವ ಪ್ರಸಂಗ ತಪ್ಪುತ್ತದೆ. ಕರಿಮಣಿಯ ಒಂದೆಳೆ ಸಾಕೆಂಬುದು ನನ್ನ ಸಲಹೆ.

ಮರಳಿ ಬಂದ ವಾರವೇ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಮುಚ್ಚಿಬಿಡಬೇಕು. ಉಳಿದ ವಿದೇಶಿ ನೋಟುಗಳಲ್ಲಿ 2000 ಡಾಲರ್‌ವರೆಗೆ ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು. ಹೆಚ್ಚಿನದನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ನಾಣ್ಯಗಳಿಗೆ ಮಿತಿಯಿಲ್ಲ, ಅವನ್ನು ಹೇಗೂ ನಾವು ಕೊಳ್ಳುವುದಿಲ್ಲ, ಮನೆಯ ಮಕ್ಕಳಿಗೆ ಕೊಟ್ಟುಬಿಡಿ.