108 ಆಂಬುಲೆನ್ಸ್ ಇಎಂಟಿ ಮೇಲೆ ಕೇಸು ಹಾಕಬಹುದಾ? ಕಾನೂನಲ್ಲಿ ಇರೋದೇನು?

ಆಂಬುಲೆನ್ಸ್ ತಾಲ್ಲೂಕು ಆಸ್ಪತ್ರೆ ಗೇಟಿಗೆ ಬರುವಷ್ಟರಲ್ಲಿ ರೋಗಿಯ ಉಸಿರು ನಿಂತುಬಿಟ್ಟರೆ ಮನೆಯವರ ಸಿಟ್ಟು ಮೊದಲು ತಿರುಗೋದು ಹಿಂದೆ ಕೂತಿದ್ದ ಇಎಂಟಿ ಮೇಲೆ. 'ಆಕ್ಸಿಜನ್ ಸರಿಯಾಗಿ ಕೊಡಲಿಲ್ಲ', 'ನಾವು ಹೇಳಿದ ಆಸ್ಪತ್ರೆಗೆ ಹೋಗಲಿಲ್ಲ' ಎಂಬ ಮಾತು ಕೆಲವೊಮ್ಮೆ ಪೊಲೀಸ್ ಸ್ಟೇಷನ್ ತನಕ ಹೋಗುತ್ತದೆ. ಅಲ್ಲಿಂದ ಮುಂದೆ ಏನಾಗಬಹುದು ಅನ್ನೋದು ಜನರಿಗಿರಲಿ, ಎಷ್ಟೋ ಇಎಂಟಿಗಳಿಗೂ ಸರಿಯಾಗಿ ಗೊತ್ತಿರಲ್ಲ.

ಮೊದಲು ಅಂಗಡಿಯವರ ವಿಷಯ. ರಸ್ತೆಯಲ್ಲಿ ಅಪಘಾತ ಆದಾಗ ಓಡಿಹೋಗಿ ಗಾಯಾಳುವನ್ನು ಎತ್ತಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ ಕಲಂ ಇದು. ಒಳ್ಳೇ ಮನಸ್ಸಿನಿಂದ ಸಹಾಯ ಮಾಡುವಾಗ ಏನಾದರೂ ಹೆಚ್ಚುಕಮ್ಮಿ ಆದರೂ ಅವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ನಿಲ್ಲಲ್ಲ. ಹೆಸರು, ವಿಳಾಸ ಕೊಡಿ ಅಂತ ಬಲವಂತ ಮಾಡೋ ಹಾಗೂ ಇಲ್ಲ.

ಆದರೆ ಈ ಕಲಂನಲ್ಲಿ ಒಂದು ಷರತ್ತಿದೆ. ಸಹಾಯ ಸ್ವಇಚ್ಛೆಯಿಂದ, ಯಾವ ಪ್ರತಿಫಲವನ್ನೂ ಬಯಸದೆ ಮಾಡಿದ್ದಾಗಿರಬೇಕು. ಸಂಬಳ ತಗೊಂಡು ಡ್ಯೂಟಿ ಮೇಲಿರುವ ಇಎಂಟಿ ಈ ವ್ಯಾಖ್ಯೆಗೆ ಹೊಂದಲ್ಲ. ಅದೇ ಇಎಂಟಿ ರಜೆ ದಿನ ಸಂತೆಗೆ ಹೋದಾಗ ಅಪಘಾತ ಕಂಡು ಸಹಾಯ ಮಾಡಿದರೆ ರಕ್ಷಣೆ ಸಿಗುತ್ತದೆ. ವಿಚಿತ್ರ ಅನಿಸಿದರೂ ಇರೋದು ಹಾಗೇ.

ಇನ್ನೂ ಗಂಭೀರವಾದದ್ದು ಶಿಕ್ಷೆಯ ವಿಚಾರ. ಹಳೇ ಐಪಿಸಿ 304ಎ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ ಯಾರಿಗೇ ಆದರೂ ಹೆಚ್ಚೆಂದರೆ 2 ವರ್ಷ ಜೈಲು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬಂದಿದೆ. ಈಗ ಗರಿಷ್ಠ 5 ವರ್ಷ. ನೋಂದಾಯಿತ ವೈದ್ಯರು ಚಿಕಿತ್ಸೆ ಮಾಡುವಾಗ ಆದದ್ದಕ್ಕೆ ಮಾತ್ರ ಗರಿಷ್ಠ 2 ವರ್ಷವೇ ಉಳಿದಿದೆ. ನೋಂದಾಯಿತ ವೈದ್ಯರು ಅಂದರೆ ವೈದ್ಯರ ರಿಜಿಸ್ಟರ್‌ನಲ್ಲಿ ಹೆಸರಿರುವವರು ಎಂದು ಕಲಂನಲ್ಲೇ ಬರೆದಿದ್ದಾರೆ. ಇಎಂಟಿ ಹೆಸರು ಅದರಲ್ಲಿರಲ್ಲ, ನರ್ಸ್ ಹೆಸರೂ ಇರಲ್ಲ. ಹಾಗಾಗಿ ಒಂದೇ ರೋಗಿಯನ್ನು ನೋಡಿದ ಡಾಕ್ಟರಿಗೆ 2 ವರ್ಷದ ಮಿತಿ, ಅಲ್ಲಿಗೆ ತಲುಪಿಸಿದ ಇಎಂಟಿಗೆ 5 ವರ್ಷದ ಮಿತಿ.

ಹಾಗಂತ ರೋಗಿ ಸತ್ತ ತಕ್ಷಣ ಅಪರಾಧ ಆಗಿಬಿಡಲ್ಲ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಸಣ್ಣಪುಟ್ಟ ತಪ್ಪಿಗೆ ಕ್ರಿಮಿನಲ್ ಕೇಸು ಸಲ್ಲದು, ನಿರ್ಲಕ್ಷ್ಯ ತೀರಾ ಘೋರವಾಗಿರಬೇಕು. ಪೊಲೀಸರು ಮುಂದುವರಿಯುವ ಮುಂಚೆ ಬೇರೆ ವೈದ್ಯರ ಅಭಿಪ್ರಾಯ ಪಡೀಬೇಕು. ಆ ತೀರ್ಪು ವೈದ್ಯರ ಕುರಿತದ್ದು. ಆದರೂ ಇಎಂಟಿ ಪರ ವಕೀಲರಿಗೆ ವಾದಿಸಲು ಆಧಾರ ಅದೇ.

ಪ್ರಜ್ಞೆ ಇಲ್ಲದವರನ್ನು ಒಪ್ಪಿಗೆ ಕೇಳುತ್ತಾ ಕೂರಬೇಕಾಗಿಲ್ಲ. ಒಪ್ಪಿಗೆ ಪಡೆಯಲು ಸಾಧ್ಯವೇ ಇಲ್ಲದಾಗ ಒಳ್ಳೇದಕ್ಕಾಗಿ ಮಾಡಿದ ಕೆಲಸ ಅಪರಾಧವಲ್ಲ ಅಂತ ನ್ಯಾಯ ಸಂಹಿತೆಯ 30ನೇ ಕಲಂ ಹೇಳುತ್ತದೆ. ತೊಂದರೆ ಬರೋದು ಪ್ರಜ್ಞೆ ಇರುವವರು 'ನಂಗೇನೂ ಆಗಿಲ್ಲ, ಬರಲ್ಲ' ಅಂದಾಗ. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರನ್ನು ಎಳೆದುಕೊಂಡು ಹೋಗೋ ಹಾಗಿಲ್ಲ. ಬರದಿದ್ದರೆ ಏನಾಗಬಹುದು ಅಂತ ತಿಳಿಸಿ ಹೇಳಬೇಕು, ಸಹಿ ಹಾಕಿಸಿಕೊಳ್ಳಬೇಕು. ಸಹಿಗೂ ಒಪ್ಪದಿದ್ದರೆ ಅಲ್ಲಿದ್ದ ಸಾಕ್ಷಿಯ ಸಹಿ ಪಡೆಯೋದು ಒಳ್ಳೇದು. ಇಂಥ ಹೊತ್ತಲ್ಲಿ ಪಕ್ಕದ ಅಂಗಡಿಯವರು ಒಂದು ಸಹಿ ಹಾಕಿದರೆ ಆ ಹುಡುಗನಿಗೋ ಹುಡುಗಿಗೋ ದೊಡ್ಡ ಆಸರೆ.

ಕೋರ್ಟಿನಲ್ಲಿ ಕೊನೆಗೆ ನಿಲ್ಲೋದು ಕಾಗದ. ಎಷ್ಟು ಗಂಟೆಗೆ ತಲುಪಿದರು, ಬಿಪಿ, ನಾಡಿ ಎಷ್ಟಿತ್ತು, ಕಾಲ್ ಸೆಂಟರ್ ಡಾಕ್ಟರ್ ಫೋನಲ್ಲಿ ಏನು ಹೇಳಿದರು, ಆಸ್ಪತ್ರೆಯಲ್ಲಿ ಯಾರಿಗೆ ಒಪ್ಪಿಸಿದರು, ಎಲ್ಲ ಅವತ್ತೇ ಬರೆದಿರಬೇಕು. ಮರುದಿನ ತಿದ್ದಿದರೆ ಅದೇ ಮುಳುವಾಗುತ್ತದೆ. 'ಜೀವ ಇದೆಯಾ ಹೇಳಿ' ಅಂತ ಮನೆಯವರು ಎಷ್ಟೇ ಒತ್ತಾಯ ಮಾಡಿದರೂ ಸಾವನ್ನು ದೃಢಪಡಿಸುವ ಅಧಿಕಾರ ವೈದ್ಯರದ್ದೇ. ಇಎಂಟಿ ಉತ್ತರ ಕೊಡದಿದ್ದರೆ ಅದು ಉಡಾಫೆ ಅಲ್ಲ.

ಸಿಟ್ಟಲ್ಲಿ ಕೈ ಎತ್ತಿದರೆ ಮಾತ್ರ ಕೇಸು ತಿರುಗಿಬೀಳುತ್ತದೆ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಗೆ ರಾಜ್ಯದಲ್ಲಿ 2009ರಿಂದ ಕಾಯ್ದೆಯಿದೆ, ಅದರಲ್ಲಿ ಪ್ಯಾರಾಮೆಡಿಕಲ್ ಸಿಬ್ಬಂದಿಯೂ ಸೇರುತ್ತಾರೆ, ಅಪರಾಧ ಜಾಮೀನುರಹಿತ. ಇನ್ನು ಸೈರನ್ ಕೇಳಿಯೂ ವಾಹನ ಪಕ್ಕಕ್ಕೆ ತಗೊಳ್ಳದ ಚಾಲಕರಿಗೆ ಮೋಟಾರು ವಾಹನ ಕಾಯ್ದೆಯ 194ಇ ಕಲಂ ಪ್ರಕಾರ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ.