ಗ್ರಂಥಗಳ ಅಂಕನಪದ್ಧತಿ: ತಾಳೆಯೋಲೆಯಿಂದ ಗಣಕಯಂತ್ರದವರೆಗೆ

ಗ್ರಂಥವೊಂದರಲ್ಲಿ ಹೇಳಲ್ಪಟ್ಟ ವಿಷಯವು ಒಂದು. ಇದು ಮೂಲ, ಇದು ವ್ಯಾಖ್ಯಾನ, ಇದು ಶ್ಲೋಕ, ಇದು ಗದ್ಯ, ಇಲ್ಲಿಗೆ ಅಧ್ಯಾಯವು ಮುಗಿಯಿತು ಎಂಬ ವ್ಯವಸ್ಥೆಯು ಮತ್ತೊಂದು. ವಿಷಯವನ್ನು ಅಕ್ಷರಗಳು ತಿಳಿಸುತ್ತವೆ. ವ್ಯವಸ್ಥೆಯನ್ನು ತಿಳಿಸಲು ಗುರುತುಗಳು ಬೇಕು. ಬಾಯಿಪಾಠ ಹೇಳುವ ಗುರುವು ಸ್ವರದ ಏರಿಳಿತದಿಂದಲೂ ವಿರಾಮದಿಂದಲೂ ಈ ವ್ಯವಸ್ಥೆಯನ್ನು ಶಿಷ್ಯನಿಗೆ ತಿಳಿಸಿಕೊಡುವನು. ಬರೆದಿಟ್ಟ ಗ್ರಂಥಕ್ಕೆ ಆ ಸೌಕರ್ಯವಿಲ್ಲವಾದುದರಿಂದ ಲೇಖಕರು ಒಂದೊಂದು ಕಾಲದಲ್ಲಿ ಒಂದೊಂದು ಬಗೆಯ ಗುರುತುಗಳನ್ನು ಕಲ್ಪಿಸಿಕೊಂಡು ಬಂದಿರುವರು. ಗಣಕಯಂತ್ರದ ಕಾಲದಲ್ಲಿ ಈ ಗುರುತುಗಳ ಸಮುದಾಯಕ್ಕೆ ‘ಮಾರ್ಕಪ್ ಭಾಷೆ’ ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು ಅಂಕನಭಾಷೆಯೆಂದು ಕರೆಯಬಹುದು. ಅಚ್ಚುಕೂಟಕ್ಕೆ ಹೋಗುವ ಹಸ್ತಪ್ರತಿಯ ಅಂಚಿನಲ್ಲಿ ಸಂಪಾದಕನು ‘ಇದು ದಪ್ಪಕ್ಷರ’, ‘ಇದು ಶೀರ್ಷಿಕೆ’ ಎಂದು ಮೊಳೆ ಜೋಡಿಸುವವನಿಗಾಗಿ ಬರೆಯುತ್ತಿದ್ದ ಸೂಚನೆಗಳೇ ಈ ಹೆಸರಿನ ಮೂಲ.

ಗುರುತುಗಳ ಮಹತ್ವವನ್ನು ತಿಳಿಯಲು ಮೈಸೂರಿನಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಭಂಡಾರದಲ್ಲಿ, ಎಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿದರು. ತಂಜಾವೂರು ಪ್ರಾಂತದ ಪಂಡಿತರೊಬ್ಬರಿಂದ ಭಂಡಾರಕ್ಕೆ ಬಂದ ಆ ಓಲೆಗಳು ಗ್ರಂಥಲಿಪಿಯಲ್ಲಿದ್ದವು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಭಾಷಾಂತರವೂ ಅಚ್ಚಾದವು. ಓಲೆಯಲ್ಲಿ ಬರೆಯುವವರು ಪದಗಳ ನಡುವೆ ಎಡೆ ಬಿಡುತ್ತಿರಲಿಲ್ಲ; ಸಾಲಿನ ಮೇಲೆ ಸಾಲಾಗಿ ಅಕ್ಷರಗಳು ಸಾಗುತ್ತಿದ್ದವು. ಒಂಟಿ ದಂಡ, ಜೋಡಿ ದಂಡ, ಬಿಟ್ಟುಹೋದ ಅಕ್ಷರವನ್ನು ಸೇರಿಸುವ ಹಂಸಪಾದ, ಅಧ್ಯಾಯಾಂತ್ಯದಲ್ಲಿ ‘ಇತಿ’ ಎಂದು ಆರಂಭವಾಗುವ ಸಮಾಪ್ತಿವಾಕ್ಯ ಇಷ್ಟೇ ಅವರ ಅಂಕನಭಾಷೆ. ಗುರುತುಗಳು ಅಲ್ಪವಾದರೂ, ಆ ಸಮಾಪ್ತಿವಾಕ್ಯಗಳು ಉಳಿದು ಬಂದುದರಿಂದಲೇ ಗ್ರಂಥದ ಅಂಗವಿಭಾಗವು ಸಂದೇಹಕ್ಕೆಡೆಯಿಲ್ಲದೆ ತಿಳಿದುಬಂತು.

ಗುರುತು ನಷ್ಟವಾದರೆ ಏನಾಗುವುದೆಂಬುದಕ್ಕೆ ವ್ಯಾಕರಣಶಾಸ್ತ್ರದಲ್ಲಿ ದೃಷ್ಟಾಂತವುಂಟು. ಪಾಣಿನಿಯು ಧಾತುಗಳಿಗೂ ಪ್ರತ್ಯಯಗಳಿಗೂ ‘ಇತ್’ ಅಥವಾ ಅನುಬಂಧಗಳೆಂಬ ಅಕ್ಷರಗಳನ್ನು ಅಂಟಿಸಿರುವನು. ‘ಡುಕೃಞ್’ ಎಂಬುದರಲ್ಲಿ ನಿಜವಾದ ಧಾತುವು ‘ಕೃ’ ಮಾತ್ರ. ‘ಞ್’ ಎಂಬುದು ಆ ಧಾತುವು ಉಭಯಪದಿಯೆಂದು ತಿಳಿಸುತ್ತದೆ. ‘ಡು’ ಎಂಬುದು ‘ಕೃತ್ರಿಮ’ವೆಂಬ ರೂಪವನ್ನು ಕೊಡುವ ಪ್ರತ್ಯಯಕ್ಕೆ ದಾರಿ ಮಾಡುತ್ತದೆ. ಕೆಲಸ ಮುಗಿದೊಡನೆ ಈ ಅನುಬಂಧಗಳು ಲೋಪವಾಗುತ್ತವೆ; ಸಿದ್ಧವಾದ ಪದದಲ್ಲಿ ಅವು ಕಿವಿಗೆ ಬೀಳುವುದಿಲ್ಲ. ಗಣಕಯಂತ್ರದ ಅಂಕನಭಾಷೆಯ ಗುರುತುಗಳೂ ಹೀಗೆಯೇ ಪುಟವನ್ನು ಸಿದ್ಧಪಡಿಸಿ ತಾವು ಮರೆಯಾಗುತ್ತವೆ. ಇನ್ನೊಂದು ಸಂಗತಿಯು ಇದಕ್ಕಿಂತಲೂ ಗಮನಾರ್ಹವಾದುದು. ಯಾವ ಸೂತ್ರವು ಅಧಿಕಾರಸೂತ್ರ, ಎಂದರೆ ಮುಂದಿನ ಸೂತ್ರಗಳಿಗೆಲ್ಲ ಶೀರ್ಷಿಕೆಯಂತೆ ಅನ್ವಯಿಸತಕ್ಕದ್ದು, ಎಂಬುದನ್ನು ಪಾಣಿನಿಯು ಸ್ವರಿತಸ್ವರದಿಂದ ಗುರುತಿಸಿದ್ದನು. ಇತ್ಸಂಜ್ಞೆಯ ಸ್ವರಾಕ್ಷರಗಳನ್ನು ಅನುನಾಸಿಕ ಉಚ್ಚಾರಣೆಯಿಂದ ಗುರುತಿಸಿದ್ದನು. ಪಾಠಪರಂಪರೆಯಲ್ಲಿ ಆ ಸ್ವರಿತವೂ ಆ ಅನುನಾಸಿಕವೂ ಲುಪ್ತವಾದವು. ಈಗ ಯಾವುದು ಅಧಿಕಾರಸೂತ್ರವೆಂದು ತಿಳಿಯಬೇಕಾದರೆ ವ್ಯಾಖ್ಯಾತೃಗಳ ವಚನವೇ ಶರಣು. ವ್ಯಾಖ್ಯಾನಪರಂಪರೆಯು ಅವಿಚ್ಛಿನ್ನವಾಗಿದ್ದುದರಿಂದ ಶಾಸ್ತ್ರವು ಉಳಿಯಿತು. ಅಂತಹ ಪರಂಪರೆಯಿಲ್ಲದ ಸಾಮಾನ್ಯ ಗ್ರಂಥಕ್ಕೆ ಗುರುತು ಹೋದರೆ ಅರ್ಥವೇ ಕೆಡುವ ಸಂಭವವುಂಟು.

ಇನ್ನು ಗಣಕಯಂತ್ರದ ಅಂಕನಭಾಷೆಗಳ ವಿಚಾರ. 1964ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಜೆರೋಮ್ ಸಾಲ್ಟ್ಜರ್ ಎಂಬವರು ‘ರನಾಫ್’ ಎಂಬ ಕ್ರಮವನ್ನು ರಚಿಸಿದರು. ಸಾಲಿನ ಆದಿಯಲ್ಲಿ ಚುಕ್ಕಿಯನ್ನಿಟ್ಟು ‘ಇಲ್ಲಿ ಸಾಲು ಬಿಡು’, ‘ಇಲ್ಲಿ ಮಧ್ಯಕ್ಕೆ ತಾ’ ಎಂದು ಆಜ್ಞಾಪಿಸುವುದು ಅದರ ರೀತಿ. ಪುಟದ ರೂಪವನ್ನು ಮಾತ್ರ ಹೇಳುವ ಪದ್ಧತಿಯಿದು. 1969ರಲ್ಲಿ ಐ.ಬಿ.ಎಂ. ಸಂಸ್ಥೆಯ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ವಕೀಲರ ಕಚೇರಿಯ ದಸ್ತಾವೇಜುಗಳ ವ್ಯವಸ್ಥೆಗಾಗಿ ಬೇರೊಂದು ಮಾರ್ಗವನ್ನು ಹಿಡಿದರು. ‘ದಪ್ಪಕ್ಷರ’ ಎನ್ನುವ ಬದಲು ‘ಶೀರ್ಷಿಕೆ’ ಎಂದೂ, ‘ಒಳಕ್ಕೆ ಸರಿಸು’ ಎನ್ನುವ ಬದಲು ‘ಪಟ್ಟಿ’ ಎಂದೂ ಗುರುತಿಸಿದರೆ ಸಾಕು, ರೂಪವನ್ನು ಆಮೇಲೆ ಯಂತ್ರವು ನಿರ್ಣಯಿಸಲಿ ಎಂಬುದು ಅವರ ಅಭಿಪ್ರಾಯ. ಅದೇ ಬೆಳೆದು 1986ರಲ್ಲಿ ‘ಎಸ್‌ಜಿಎಂಎಲ್’ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಇವೆರಡರ ನಡುವೆ ವಿಶಿಷ್ಟವಾದ ಸ್ಥಾನವು ‘ಟೆಕ್’ಗೆ ಸಲ್ಲುತ್ತದೆ. ಡೊನಾಲ್ಡ್ ಕ್ನೂತ್ ಎಂಬ ಗಣಿತಜ್ಞರು ತಮ್ಮ ಗ್ರಂಥದ ಕರಡಚ್ಚಿನ ಕುರೂಪವನ್ನು ಸಹಿಸಲಾರದೆ 1977ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಒಂದೊಂದು ಸಾಲನ್ನು ಬಿಡಿಯಾಗಿ ಮುರಿಯದೆ ಇಡೀ ಖಂಡಿಕೆಯನ್ನು ಒಟ್ಟಿಗೆ ನೋಡಿ ಸಾಲುಗಳನ್ನು ಹೊಂದಿಸುವುದು ಟೆಕ್‌ನ ಹೆಚ್ಚುಗಾರಿಕೆ. ಗಣಿತಸೂತ್ರಗಳ ಅಂದದಲ್ಲಿ ಇಂದಿಗೂ ಅದೇ ಮೇಲ್ಪಂಕ್ತಿ. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬವರು ಅದರ ಮೇಲೆ ‘ಲೇಟೆಕ್’ ಎಂಬ ಪದರವನ್ನು ಕಟ್ಟಿ, ಅಧ್ಯಾಯ, ವಿಭಾಗ, ಉದ್ಧರಣ ಎಂಬ ಅರ್ಥಸೂಚಕ ಗುರುತುಗಳನ್ನು ಒದಗಿಸಿದರು. ಮೊದಮೊದಲು ಟೆಕ್‌ನಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆದು ಪರಿವರ್ತಿಸಬೇಕಾಗುತ್ತಿತ್ತು. 2004ರಲ್ಲಿ ‘ಝೀಟೆಕ್’ ಬಂದ ಮೇಲೆ ಯೂನಿಕೋಡ್‌ನ ಕನ್ನಡವನ್ನೇ ನೇರವಾಗಿ ಬರೆಯುವ ಮಾರ್ಗವು ತೆರೆಯಿತು.

1990ರ ದಶಕದ ಆದಿಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಜಾಲಕ್ಕಾಗಿ ರಚಿಸಿದ ‘ಎಚ್‌ಟಿಎಂಎಲ್’ ಎಸ್‌ಜಿಎಂಎಲ್‌ನ ಮಾದರಿಯಲ್ಲಿ ಹುಟ್ಟಿದುದು. ಜನರು ಅದರಲ್ಲಿ ಬಣ್ಣ, ಗಾತ್ರ ಮುಂತಾದ ರೂಪಸೂಚನೆಗಳನ್ನು ಬೆರೆಸಿದ್ದರಿಂದ ಗೊಂದಲವುಂಟಾಗಿ, ರೂಪವನ್ನು ಪ್ರತ್ಯೇಕಿಸಲು 1996ರಲ್ಲಿ ‘ಸಿಎಸ್‌ಎಸ್’ ಎಂಬ ಬೇರೊಂದು ಭಾಷೆಯನ್ನೇ ಏರ್ಪಡಿಸಬೇಕಾಯಿತು. 1998ರಲ್ಲಿ ‘ಎಕ್ಸ್‌ಎಂಎಲ್’ ಬಂದಿತು. ಇದರಲ್ಲಿ ಗುರುತುಗಳ ಹೆಸರನ್ನು ಬರೆಯುವವನೇ ಕಲ್ಪಿಸಿಕೊಳ್ಳಬಹುದು. ‘ಶ್ಲೋಕ’, ‘ಟೀಕೆ’ ಎಂದು ಕನ್ನಡಾಕ್ಷರಗಳಲ್ಲಿಯೇ ಹೆಸರಿಡಲೂ ಅಡ್ಡಿಯಿಲ್ಲ. ಪ್ರಾಚೀನ ಗ್ರಂಥಗಳಿಗೂ ಶಾಸನಗಳಿಗೂ ಬೇಕಾದ ಗುರುತುಗಳ ನಿಘಂಟನ್ನು 1987ರಲ್ಲಿ ಆರಂಭವಾದ ‘ಟಿಇಐ’ ಎಂಬ ವಿದ್ವತ್ಸಂಘವು ಸಿದ್ಧಪಡಿಸಿದೆ. ಅಳಿಸಿಹೋದ ಅಕ್ಷರ, ಸಂಪಾದಕನು ಊಹಿಸಿ ತುಂಬಿದ ಅಕ್ಷರ, ಪಾಠಾಂತರ ಇವೆಲ್ಲಕ್ಕೂ ಅದರಲ್ಲಿ ಬೇರೆಬೇರೆ ಗುರುತುಗಳಿವೆ. ಇದಕ್ಕೆ ವಿರುದ್ಧವಾಗಿ, 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ‘ಮಾರ್ಕ್‌ಡೌನ್’ ಅತ್ಯಂತ ಸರಳವಾದುದು: ಪದದ ಎರಡು ಪಕ್ಕದಲ್ಲಿ ನಕ್ಷತ್ರಚಿಹ್ನೆಗಳನ್ನಿಟ್ಟರೆ ಒತ್ತು, ಸಾಲಿನ ಆದಿಯಲ್ಲಿ ಒಂದು ಚಿಹ್ನೆಯನ್ನಿಟ್ಟರೆ ಶೀರ್ಷಿಕೆ.

ಇವುಗಳ ತಾರತಮ್ಯವನ್ನು ಒಂದು ಉದಾಹರಣೆಯಿಂದ ನೋಡಬಹುದು. ಮೈಸೂರು ನಗರದ ದಕ್ಷಿಣಕ್ಕೆ ನಂಜನಗೂಡಿನ ದಾರಿಯಲ್ಲಿರುವ ಮಂಡಕಳ್ಳಿಯ ಚರಿತ್ರೆಯನ್ನು ಒಬ್ಬನು ಬರೆಯುತ್ತಿರುವನೆಂದು ಭಾವಿಸಬಹುದು. ‘ಮಂಡಕಳ್ಳಿ’ ಎಂಬ ಪದವು ಅದರಲ್ಲಿ ಒಮ್ಮೆ ಗ್ರಂಥದ ಶೀರ್ಷಿಕೆಯಾಗಿಯೂ, ಒಮ್ಮೆ ಗ್ರಾಮದ ಹೆಸರಾಗಿಯೂ, ಒಮ್ಮೆ ಅಲ್ಲಿನ ವಿಮಾನನಿಲ್ದಾಣದ ಹೆಸರಾಗಿಯೂ ಬರುತ್ತದೆ. ಬರಹದ ತಂತ್ರಾಂಶದಲ್ಲಿ ಗುಂಡಿಯನ್ನೊತ್ತಿ ಮೂರನ್ನೂ ದಪ್ಪಕ್ಷರ ಮಾಡಿದರೆ ಕಣ್ಣಿಗೆ ಮೂರೂ ಒಂದೇ. ಮಾರ್ಕ್‌ಡೌನ್‌ನಲ್ಲಿ ಶೀರ್ಷಿಕೆಯು ಬೇರ್ಪಡುತ್ತದೆ, ಗ್ರಾಮವೂ ನಿಲ್ದಾಣವೂ ಬೇರ್ಪಡುವುದಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಅಂಕನದಲ್ಲಿ ಜೋಡಿ ಚೌಕಾವರಣವನ್ನಿಟ್ಟು ಗ್ರಾಮವನ್ನು ಒಂದು ಲೇಖನಕ್ಕೂ ನಿಲ್ದಾಣವನ್ನು ಇನ್ನೊಂದು ಲೇಖನಕ್ಕೂ ಕೊಂಡಿ ಹಾಕಬಹುದು. ಟಿಇಐಯಲ್ಲಿಯಾದರೋ ಒಂದನ್ನು ಸ್ಥಳನಾಮವೆಂದೂ ಇನ್ನೊಂದನ್ನು ಸಂಸ್ಥೆಯ ಹೆಸರೆಂದೂ ಬಾಯಿಬಿಟ್ಟು ಹೇಳಬಹುದು. ಗ್ರಾಮವು ಬಂದ ಎಡೆಗಳನ್ನು ಮಾತ್ರ ಆರಿಸಿ ಅಕಾರಾದಿಯನ್ನು ಮಾಡೆಂದು ಯಂತ್ರಕ್ಕೆ ಆಜ್ಞಾಪಿಸಬಹುದು. ಹೆಚ್ಚು ಹೇಳುವ ಭಾಷೆಗೆ ಹೆಚ್ಚು ಶ್ರಮವೂ ಬೇಕು. ನಾಲ್ಕು ಸಾಲಿನ ಪತ್ರಕ್ಕೆ ಟಿಇಐಯನ್ನು ಹಿಡಿಯುವವನಿಲ್ಲ.

ಎಕ್ಸ್‌ಎಂಎಲ್‌ಗೂ ಒಂದು ದೋಷವುಂಟು. ಅದರ ಗುರುತುಗಳು ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟಂತೆ ಒಂದರೊಳಗೊಂದು ಪೂರ್ಣವಾಗಿ ಅಡಗಿರಬೇಕು. ಒಂದು ಮುಗಿಯುವ ಮೊದಲೇ ಇನ್ನೊಂದು ಆರಂಭವಾಗಿ ಅದರಾಚೆ ಮುಗಿಯುವಂತಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಈ ನಿಯಮಕ್ಕೆ ಒಳಪಡುವ ಗ್ರಂಥವಲ್ಲ. ಅದರಲ್ಲಿ 15 ಅಧಿಕರಣಗಳು, 150 ಅಧ್ಯಾಯಗಳು, 180 ಪ್ರಕರಣಗಳು ಇವೆಯೆಂದು ಗ್ರಂಥವೇ ಹೇಳುತ್ತದೆ. ಆದರೆ ಅಧ್ಯಾಯದ ಗಡಿಯೂ ಪ್ರಕರಣದ ಗಡಿಯೂ ಒಂದೇ ಅಲ್ಲ. ಮೂರನೆಯ ಅಧಿಕರಣದ ಮೊದಲನೆಯ ಅಧ್ಯಾಯದಲ್ಲಿ ಎರಡು ಪ್ರಕರಣಗಳಿವೆ. ವಿವಾಹಪ್ರಕರಣವು ಎರಡು, ಮೂರು, ನಾಲ್ಕನೆಯ ಅಧ್ಯಾಯಗಳನ್ನು ವ್ಯಾಪಿಸುತ್ತದೆ. ವಾಸ್ತುಕಪ್ರಕರಣವು ಎಂಟನೆಯ ಅಧ್ಯಾಯದಲ್ಲಿ ಆರಂಭವಾಗಿ ಹತ್ತನೆಯದರ ನಡುವೆ ಮುಗಿದು, ಅಲ್ಲಿಯೇ ಮತ್ತೊಂದು ಪ್ರಕರಣಕ್ಕೆ ಎಡೆಗೊಡುತ್ತದೆ. ಹೀಗಿರಲು ಅಧ್ಯಾಯವನ್ನು ಪೆಟ್ಟಿಗೆ ಮಾಡಿದರೆ ಪ್ರಕರಣವು ಒಡೆಯುತ್ತದೆ. ಪ್ರಕರಣವನ್ನು ಪೆಟ್ಟಿಗೆ ಮಾಡಿದರೆ ಅಧ್ಯಾಯವು ಒಡೆಯುತ್ತದೆ. ಇಂತಹ ಸಂದರ್ಭಕ್ಕಾಗಿ ಟಿಇಐಯಲ್ಲಿ ಒಳಗೇನನ್ನೂ ಅಡಕಮಾಡಿಕೊಳ್ಳದ, ದಾರಿಯ ಮೈಲುಗಲ್ಲಿನಂತೆ ‘ಇಲ್ಲಿಂದ ಹೊಸ ಪ್ರಕರಣ’ ಎಂದು ಮಾತ್ರ ಸೂಚಿಸುವ ಗುರುತನ್ನು ಅಂಗೀಕರಿಸಿರುವರು. ಓಲೆಯ ಲೇಖಕನ ದಂಡವೂ ‘ಇತಿ’ಯೂ ಇದೇ ಜಾತಿಗೆ ಸೇರಿದ ಗುರುತುಗಳೆಂಬುದು ವಾಚಕರಿಗೆ ಹೊಳೆಯದೆ ಇರದು.

ಈ ವಿಚಾರವು ಕೇವಲ ಯಂತ್ರಜ್ಞರ ವಿನೋದವಲ್ಲವೆಂಬುದು ಕನ್ನಡದ ಈಚಿನ ಅನುಭವದಿಂದ ಸಿದ್ಧಪಡುತ್ತದೆ. ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮೊದಲು ಕನ್ನಡದ ಬೆರಳಚ್ಚಿನ ಬಹುಭಾಗವು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ ಅಕ್ಷರವಿನ್ಯಾಸಗಳಲ್ಲಿ ನಡೆಯಿತು. ಆ ವಿನ್ಯಾಸವಿದ್ದ ಯಂತ್ರದಲ್ಲಿ ಅದು ಅಂದವಾದ ಕನ್ನಡ. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂತಹ ಬರಹವನ್ನು ಮತ್ತೆ ಓದಬೇಕಾದರೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಅಕ್ಷರಗಳು ಮರಳಿದರೂ ಯಾವುದು ಶೀರ್ಷಿಕೆ, ಯಾವುದು ಉದ್ಧೃತ ಪದ್ಯ, ಯಾವುದು ಅಡಿಟಿಪ್ಪಣಿ ಎಂಬುದು ಮರಳುವ ಭರವಸೆಯಿಲ್ಲ. ಏಕೆಂದರೆ ಬರೆಯುವಾಗ ಅದನ್ನು ಹೇಳಿರಲೇ ಇಲ್ಲ. ದಪ್ಪ, ಸಣ್ಣ, ಓರೆ ಎಂಬ ರೂಪವನ್ನು ಮಾತ್ರ ಕೊಟ್ಟಿದ್ದಿತು. ಪಾಣಿನಿಯ ಸ್ವರಿತಕ್ಕಾದ ಗತಿಯೇ ಇಲ್ಲಿಯೂ ಆಯಿತು. ವ್ಯತ್ಯಾಸವೆಂದರೆ, ಇವುಗಳಿಗೆ ಪತಂಜಲಿಯಂತಹ ಭಾಷ್ಯಕಾರನು ದೊರೆಯಲಾರನು.

ಆದುದರಿಂದ ಊರಿನ ಚರಿತ್ರೆಯನ್ನೋ ಶಾಸನಪಾಠವನ್ನೋ ಜನಪದಗೀತೆಗಳನ್ನೋ ಸಂಗ್ರಹಿಸತಕ್ಕವರು ಭಾಷೆಯ ಆಯ್ಕೆಯನ್ನು ಉದ್ದೇಶಕ್ಕೆ ತಕ್ಕಂತೆ ಮಾಡಿಕೊಳ್ಳಬೇಕು. ಟಿಪ್ಪಣಿಗಳಿಗೂ ಸಣ್ಣ ಲೇಖನಗಳಿಗೂ ಮಾರ್ಕ್‌ಡೌನ್ ಸಾಲುತ್ತದೆ. ಅಚ್ಚಿನ ಅಂದವೂ ಗಣಿತವೂ ಮುಖ್ಯವಾದಲ್ಲಿ ಲೇಟೆಕ್ ಯೋಗ್ಯ. ಬಹುಜನರು ಕೂಡಿ ತಿದ್ದತಕ್ಕ ಬರಹಕ್ಕೆ ವಿಕಿಯ ಅಂಕನವು ಅನುಕೂಲ. ಹಸ್ತಪ್ರತಿಗೂ ಶಾಸನಕ್ಕೂ ಟಿಇಐಯ ಶ್ರಮವನ್ನು ವಹಿಸಿಕೊಳ್ಳುವುದು ಸಾರ್ಥಕ. ಬರಹದ ತಂತ್ರಾಂಶವನ್ನೇ ಬಳಸುವವರೂ ಗುಂಡಿಯೊತ್ತಿ ಅಕ್ಷರವನ್ನು ದಪ್ಪ ಮಾಡುವ ಬದಲು ಅದರಲ್ಲಿರುವ ಶೀರ್ಷಿಕೆ, ಉದ್ಧರಣ ಮುಂತಾದ ಶೈಲಿಗಳನ್ನು ಹಚ್ಚುವುದಾದರೆ ಅರ್ಧ ಪ್ರಯೋಜನವು ಕೈಸೇರುತ್ತದೆ. ಎಲ್ಲಕ್ಕೂ ಸಾಧಾರಣವಾದ ನಿಯಮಗಳು ಎರಡು: ಅಕ್ಷರವು ಯೂನಿಕೋಡ್‌ನಲ್ಲಿರಬೇಕು, ಗುರುತು ರೂಪವನ್ನಲ್ಲದೆ ಅರ್ಥವನ್ನು ಹೇಳಬೇಕು. ರೂಪವನ್ನು ಮುಂದಿನವರು ತಮ್ಮ ಕಾಲದ ಯಂತ್ರಕ್ಕೆ ತಕ್ಕಂತೆ ಕೊಟ್ಟುಕೊಳ್ಳಬಲ್ಲರು. ಬರೆದವನು ಹೇಳದೆ ಬಿಟ್ಟ ಅರ್ಥವನ್ನು ಅವರು ಊಹಿಸಿಯೇ ತಿಳಿಯಬೇಕಾಗುವುದು.